ತಂದು ತೋರಿಸಬೇಕಾದ ವಸ್ತು

“ಬಡವಿಯಂತೆ ಬಡವಿ! ಮನೇಲಿ ಇಸ್ತ್ರಿ ಪೆಟ್ಟಿಗೆ ಇಟ್ಕೊಂಡು ಬಿಟ್ಟಿ ಕರೆಂಟು ಕೇಳೋಕೆ ನಾಚಿಕೆ ಆಗಲ್ವೇನೇ?”

ತಪಾಸಣೆಗೆ ಬಂದ ಪುರಸಭೆಯವನು ಬಾಗಿಲಲ್ಲೇ ನಿಂತು ಕೂಗಿದ. ಒಳಗೆ ಕಾಲಿಟ್ಟರೆ ತಲೆ ಸೂರಿಗೆ ತಾಗುತ್ತಿತ್ತು. ಇಸ್ತ್ರಿಯಕ್ಕ ಪ್ಯಾಂಟಿನ ಗೆರೆ ತೀಡುತ್ತಲೇ ಇದ್ದಳು.

“ಶೋಕಿಗಲ್ಲ ಸ್ವಾಮಿ. ಇದರಿಂದಲೇ ನಮ್ಮ ಒಲೆ ಉರಿಯೋದು.”

“ಹಂಗಾದ್ರೆ ವ್ಯಾಪಾರ ಆಯ್ತು. ಬಡವರ ಬೆಳಕಿನ ಯೋಜನೆ ಮನೆಗಳಿಗೆ ಮಾತ್ರ.”

“ಇದು ಮನೆ ಅಲ್ವಾ? ಮತ್ತೆ ನಾನು ಮಲಗೋದೆಲ್ಲಿ, ನಿಮ್ಮಪ್ಪನ ಮನೇಲಾ?”

ಅವನು ಫ್ಯೂಸು ಕಿತ್ತು ಜೇಬಿಗಿಳಿಸಿ, ಕೈಪುಸ್ತಕದಿಂದ ಚೀಟಿಯೊಂದನ್ನು ಹರಿದು ಎಸೆದು ಹೋದ. ಅಕ್ಕನ ಮಗಳು ಅದನ್ನೆತ್ತಿ ಓದಿದಳು: ‘ಸೌಲಭ್ಯ ಕೋರುವವರು ಆಕ್ಷೇಪಿತ ವಸ್ತುವನ್ನು ನಾಳೆ ಬೆಳಿಗ್ಗೆ ಕಚೇರಿಗೆ ತಂದು ಹಾಜರುಪಡಿಸತಕ್ಕದ್ದು.’

“ಪೆಟ್ಟಿಗೆಗೇನು ಕೈಕೋಳ ಹಾಕ್ತಾರಂತಾ?” ಎಂದು ಅಕ್ಕ ನಕ್ಕಳು. ಮೂಲೆಯ ಬಟ್ಟೆಗಂಟು ಕಂಡು ನಗು ಇಳಿಯಿತು. ಎಲ್ಲಾ ನಾಳೆ ಮಧ್ಯಾಹ್ನಕ್ಕೆ ಕೊಡಬೇಕಾದವು. ಕೊಡದಿದ್ದರೆ ಗಿರಾಕಿಗಳು ಚೌಕದ ದೊಡ್ಡ ಲಾಂಡ್ರಿಗೆ ಹೋಗುತ್ತಾರೆ. ಹೋದವರು ವಾಪಸು ಬರುವುದಿಲ್ಲ.

ಬೆಳಿಗ್ಗೆ ಪೆಟ್ಟಿಗೆಯ ಜೊತೆ ಗಂಟನ್ನೂ ಹೊತ್ತು ಹೋದಳು. ಕಚೇರಿಯ ಮುಂದೆ ಉದ್ದ ಸಾಲು. ಒಬ್ಬಳ ಕಂಕುಳಲ್ಲಿ ಮಿಕ್ಸಿ. ಒಬ್ಬ ಮುದುಕ ಹಳೇ ಟಿವಿ ಹೊತ್ತು ಬೆವೆತುಹೋಗಿದ್ದ.

“ಯಾರೋ ಬಿಸಾಕಿದ್ದು ಕಣಮ್ಮ. ಮಾತಾಡುತ್ತೆ, ಮುಖ ತೋರಿಸಲ್ಲ. ನನ್ನ ಹೆಂಡ್ತಿ ಹಂಗೆ.”

ಅವನ ಹಿಂದೆ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಅಜ್ಜಿಯ ಮಡಿಲಲ್ಲಿ ಉಬ್ಬಸದ ಯಂತ್ರ. “ಇದೂ ಶೋಕಿಯಂತೆ, ಅವನ ಬಾಯಿಗೆ ಮಣ್ಣು ಹಾಕ.”

ಹತ್ತಾಯಿತು, ಹತ್ತೂವರೆಯಾಯಿತು. ವಸ್ತು ನೋಡಬೇಕಾದ ಸಾಹೇಬರ ಸುಳಿವಿಲ್ಲ. ಒಳಗೆ ಖಾಲಿ ಕುರ್ಚಿಗಳ ಮೇಲೆ ಆರು ಫ್ಯಾನುಗಳು ತಿರುಗುತ್ತಿದ್ದವು. ಇಸ್ತ್ರಿಯಕ್ಕ ಒಂದು ಗಳಿಗೆ ಅವನ್ನೇ ನೋಡಿದಳು. ಆಮೇಲೆ ನೇರ ಒಳಗೆ ಹೋಗಿ, ಸಾಹೇಬರ ಮೇಜಿನ ಕಡತಗಳನ್ನು ಪಕ್ಕಕ್ಕೆ ಸರಿಸಿ, ಕಂಬಳಿ ಹಾಸಿ, ಪ್ಲಗ್ಗು ಚುಚ್ಚಿದಳು.

ನಿನ್ನೆಯವನು ಓಡಿಬಂದ. “ಏಯ್ ಲೌಡಿ! ಯಾರಪ್ಪನ ಕರೆಂಟು ಅಂದ್ಕೊಂಡೆ?”

“ಹಾಜರುಪಡಿಸು ಅಂದ್ರಿ, ಪಡಿಸ್ತಾ ಇದ್ದೀನಿ. ಬಿಸಿಯಾಗದ ಪೆಟ್ಟಿಗೆ ನೋಡಿ ನೀವೇನು ಬರ್ಕೊಳ್ತೀರಿ?”

ಅವನು ಪ್ಲಗ್ಗಿಗೆ ಕೈ ಚಾಚುವಷ್ಟರಲ್ಲಿ ಸಾಲು ಒಳಗೆ ನುಗ್ಗಿತ್ತು. ಅಜ್ಜಿ ಮೇಜಿನ ಫ್ಯಾನಿನ ತಂತಿ ಕಿತ್ತು, ಅಲ್ಲೇ ತನ್ನ ಯಂತ್ರ ಸಿಕ್ಕಿಸಿ, ಮೊಮ್ಮಗಳ ಮೂಗಿಗೆ ಅದರ ಮಾಸ್ಕು ಹಿಡಿದಳು.

“ಈಗ ಇದನ್ನೂ ಕೀಳಪ್ಪ, ನೋಡೋಣ.”

ಅವನ ಕೈ ಗಾಳಿಯಲ್ಲೇ ನಿಂತಿತು. ಯಂತ್ರ ಗುಂಯ್ಗುಟ್ಟಿತು, ಹುಡುಗಿ ಉಸಿರೆಳೆದುಕೊಂಡಳು. ಇಸ್ತ್ರಿಯಕ್ಕ ಅಂಗಿಯ ಕಾಲರಿಗೆ ನೀರು ಚಿಮುಕಿಸಿದಳು.

“ಸುಮ್ನೆ ನಿಂತಿದ್ದೀರಲ್ಲ ಸ್ವಾಮಿ, ಆ ಪ್ಯಾಂಟು ಈ ಕಡೆ ಎತ್ಕೊಡಿ.”