ಡಿಸ್ಕ್ ಮಾಮ ಅಂಟಿಸಿದ ಚೀಟಿಗಳು

ಊಟದ ತಟ್ಟೆಯನ್ನೂ ಬೆರಳು ಮೇಲ್ಮೈಗೆ ತಾಗದಂತೆ ಅಂಚಿನಲ್ಲೇ ಹಿಡಿಯುವ ಮನುಷ್ಯ ನಮ್ಮ ಡಿಸ್ಕ್ ಮಾಮ. ಮೂವತ್ತು ವರ್ಷ ವಿಡಿಯೋ ಅಂಗಡಿ ನಡೆಸಿದ ಆ ಕೈಗಳಿಗೆ ಬೇರೆ ಹಿಡಿತವೇ ಮರೆತಿತ್ತು. ಕಪಾಟುಗಳ ಸಂದಿಯಲ್ಲಿ ಅಡ್ಡಡ್ಡ ಸರಿದಾಡಿ ರೂಢಿಯಾಗಿ, ಅಗಲವಾದ ರಸ್ತೆಯಲ್ಲೂ ಒಂದು ಭುಜ ಮುಂದೆ ಮಾಡಿಕೊಂಡೇ ನಡೆಯುತ್ತಿದ್ದರು.

ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಡೀವಿಡಿ, ಅದರ ಬೆನ್ನಿಗೇ ಬ್ಲೂ-ರೇ; ಕೊನೆಗೆ ಎಲ್ಲವೂ ಜನರ ಫೋನಿನೊಳಗೆ ಹೊಕ್ಕವು. ಪ್ರತಿ ಸಲವೂ ಇದೇ ಶಾಶ್ವತವೆಂದು ನಂಬಿ ಅವರು ಕಪಾಟು ಬದಲಿಸಿದರು. ನೊಣ ಹೊಡೆಯುತ್ತ ಕೂತಿದ್ದೀರಲ್ಲ ಎಂದು ನಾನು ಕೆಣಕಿದರೆ, "ನೆಟ್ಟು ಕೈಕೊಟ್ಟ ದಿನ ನೀನೇ ಓಡಿಬರ್ತೀಯ" ಎನ್ನುತ್ತಿದ್ದರು. ಓಡಿಹೋದದ್ದೂ ಉಂಟು.

ಅವರ ಹೆಮ್ಮೆಯೆಲ್ಲ ಮದುವೆಯ ಡಿಸ್ಕುಗಳಲ್ಲಿತ್ತು. ಬೀದಿಯವರ ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗಿಳಿಸಿ, ವಧೂವರರ ಚಿತ್ರವಿದ್ದ ದುಂಡನೆಯ ಚೀಟಿಯನ್ನು ಒಂದು ಗುಳ್ಳೆಯೂ ಏಳದಂತೆ ಅಂಟಿಸಿ, "ನೂರು ವರ್ಷ ಯೋಚ್ನೆ ಬೇಡ" ಎಂದು ಕೊಡುತ್ತಿದ್ದರು. ಡಿಸ್ಕ್ ತಯಾರಿಸುವ ಕಂಪನಿಯವರು ಹೇಳಿದ್ದೂ ಅಷ್ಟೇ. ಮೂಲ ಕ್ಯಾಸೆಟ್ಟುಗಳನ್ನು ಯಾರೂ ವಾಪಸು ಕೇಳಲಿಲ್ಲ, ಮಾಮ ಎಸೆದರು.

ಒಂದು ಮಧ್ಯಾಹ್ನ ಅವರ ಅಕ್ಕ ಬಂದರು. ಭಾವ ತೀರಿಕೊಂಡು ತಿಂಗಳಾಗಿತ್ತು. "ಅವರ ದನಿ ಒಂದ್ಸಲ ಕೇಳಿಸೋ" ಎಂದು ತಮ್ಮ ಮದುವೆಯ ಡಿಸ್ಕು ಮುಂದಿಟ್ಟರು. ಮಾಮ ನಾಲ್ಕು ಪ್ಲೇಯರ್ ಬದಲಿಸಿದರು. ಐದನೆಯದರಲ್ಲಿ ಮದುಮಗ ನಕ್ಕು, ಏನೋ ಹೇಳಲು ಬಾಯಿ ತೆರೆದ. ಚಿತ್ರ ಅಲ್ಲೇ ನಿಂತಿತು. ಮಾಮ ಡಿಸ್ಕನ್ನು ಬೆಳಕಿಗೆ ಹಿಡಿದರು. ಕಾಲಕ್ರಮದಲ್ಲಿ ಚೀಟಿ ಸೆಟೆದು ಡಿಸ್ಕನ್ನು ಕೂದಲೆಳೆಯಷ್ಟು ಬಾಗಿಸಿತ್ತು; ಬಿಡಿಸಹೋದರೆ ವಿಡಿಯೋ ದಾಖಲಾದ ಪದರವೂ ಕಿತ್ತುಬರುವಂತಿತ್ತು. ಗೋಡೆಯ ತುಂಬ ಇದ್ದ, ಚೀಟಿ ಅಂಟಿಸದ, ಯಾರಿಗೂ ಬೇಡವಾದ ಸಿನಿಮಾ ಡಿಸ್ಕುಗಳಿಗೆ ಮಾತ್ರ ಏನೂ ಆಗಿರಲಿಲ್ಲ.

"ನಾನೇ ಹಾಳ್ಮಾಡಿದ್ದು, ಅಕ್ಕ. ಚೆನ್ನಾಗಿ ಕಾಣ್ಲಿ ಅಂತ ಅಂಟಿಸ್ದೆ."

"ಇರ್ಲಿ ಬಿಡೋ, ಮುಖ ಆದ್ರೂ ಕಾಣಿಸ್ತಲ್ಲ" ಎಂದರು ಅಕ್ಕ. ಆ ಸಮಾಧಾನದ ಮಾತೇ ಮಾಮನನ್ನು ಹಣ್ಣು ಮಾಡಿತು.

ಮರುದಿನದಿಂದ ಅವರು ಮನೆಮನೆಯ ಮೆಟ್ಟಿಲು ಹತ್ತಿದರು. ಡಿಸ್ಕುಗಳನ್ನು ಕೇಳಿ ತಂದು, ಓಡುವಷ್ಟನ್ನು ನಕಲು ಮಾಡಿಕೊಡುವುದು ಅವರ ಉದ್ದೇಶ. ಎಷ್ಟೋ ಜನರಿಗೆ ಅವು ಎಲ್ಲಿವೆಯೆಂಬ ನೆನಪೇ ಇರಲಿಲ್ಲ. "ಈಗ್ಯಾಕೆ ಮಾಮ ಅದೆಲ್ಲ?" ಎಂದು ನಗುತ್ತಿದ್ದರು. ಮಾಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು, ಮುಂದಿನ ಬಾಗಿಲು ತಟ್ಟುತ್ತಿದ್ದರು. ನೋಡಿ ನನಗೆ ಸಂಕಟವಾಗುತ್ತಿತ್ತು.

ಇಂಥವರು ಎಲ್ಲ ಕಸುಬಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಇನ್ಯಾರೋ ಕೊಟ್ಟ ಭರವಸೆ ತಮ್ಮ ಬಾಯಿಂದ ಬಂತು ಎಂಬ ಒಂದೇ ಕಾರಣಕ್ಕೆ ಅದರ ಭಾರವನ್ನು ಕಡೆತನಕ ಹೊರುತ್ತಾರೆ. ಯಾರೂ ಅವರನ್ನು ದೂರುವುದಿಲ್ಲ. ದೂರಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.