ಷಟರ್ ಇಳಿಯದ ಆಯುಧಪೂಜೆ

೧

ಮೊದಲ ವಾಕ್ಯ ಹೇಗಿರಬೇಕು ಅನ್ನುವುದು ಆಮೇಲಿನ ಮಾತು. ಇವತ್ತು ಬರೆಯಬಹುದೇ ಅನ್ನುವುದೇ ಮೊದಲ ತಕರಾರು. ಇವತ್ತು ಆಯುಧಪೂಜೆ, ಚೆನ್ನೈ ಮನೆಗಳಲ್ಲಿ ಸರಸ್ವತಿ ಪೂಜೆಯೂ ಇವತ್ತೇ. ಪುಸ್ತಕ, ಪೆನ್ನು ದೇವರ ಮುಂದೆ ಕೂತಿವೆ. ನಾಳೆ ವಿಜಯದಶಮಿಯ ಬೆಳಿಗ್ಗೆ ಮರುಪೂಜೆ ಆಗುವ ತನಕ ಓದುವಂತಿಲ್ಲ, ಬರೆಯುವಂತಿಲ್ಲ. ನಾನು ಕಳ್ಳನ ಹಾಗೆ ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. (ಟೈಪ್ ಮಾಡಿದರೆ ಬರೆದ ಹಾಗಲ್ಲ ಅಂತ ನನ್ನ ವಾದ. ನನ್ನ ಹೆಂಡತಿ ಒಪ್ಪಿಲ್ಲ.)

ಹೋಗಲಿ, ಶುರು ಮಾಡಿದೆ ನೋಡಿ:

"ಷಟರ್ ಅರ್ಧಕ್ಕೆ ನಿಂತಿತು. ಅದರಡಿಯ ಕತ್ತಲಲ್ಲಿ ಯಾರೋ ಉಸಿರಾಡುತ್ತಿದ್ದರು."

ಥೂ! ಮಟಮಟ ಮಧ್ಯಾಹ್ನ, ಪೆರಂಬೂರಿನ ಒಂದು ಮನೆಯ ಕಾರ್ ಶೆಡ್ಡು. ಎಲ್ಲಿಯ ಕತ್ತಲು, ಯಾರ ಉಸಿರು? ಅಳಿಸಿ ಹಾಕಿದೆ.

೨

ಎರಡನೆಯ ಪ್ರಯತ್ನ:

"ಶ್ರೀಯುತ ತಿರುಮಲ, ವಯಸ್ಸು ಎಪ್ಪತ್ತಾರು, ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ದುಡಿದು ಚಾರ್ಜ್‌ಮನ್ ಆಗಿ ನಿವೃತ್ತರಾದವರು, ಪತ್ನಿ ಅಂಬುಜಮ್ಮ, ಮಗ ಮುರಳೀಧರ, ಸೊಸೆ ನಂದಿತಾ..."

"ಇದೇನ್ರಿ ಇದು, ಪೇಪರ್‌ನಲ್ಲಿ ಫೋಟೋ ಹಾಕಿ ಕೆಳಗೆ ಬರೀತಾರಲ್ಲ ಆ ಥರ ಇದೆ?" ಅಂತ ಒಂದು ದನಿ ಬಂತು. "ಅವರಿನ್ನೂ ಕಲ್ಲುಗುಂಡು ಥರ ಇದಾರೆ. ಅಳ್ಸಿ ಅದನ್ನ."

ಅಂಬುಜಮ್ಮನವರೇ. ಕೈಯಲ್ಲಿ ಪೊರಿಯ ತಟ್ಟೆ. (ಪೊರಿ ಅಂದರೆ ನಮ್ಮ ಕಡಲೆಪುರಿಯೇ. ಐದು ತಲೆಮಾರು ಮದ್ರಾಸಿನಲ್ಲಿದ್ದರೆ ಪುರಿಯೂ ಪೊರಿಯಾಗುತ್ತದೆ.)

"ಅಲ್ಲದೆ ಇವತ್ತು ಯಾರಾದ್ರೂ ಬರೀತಾರಾ? ನಿಮ್ಮನೇಲಿ ಹೇಳೋರು ಕೇಳೋರು ಇಲ್ವಾ?"

ಕಥೆಯ ಪಾತ್ರ ಲೇಖಕನಿಗೆ ಬೈಯುವುದು ಹಳೆಯ ಆಟ, ನನಗೂ ಗೊತ್ತು. ಆದರೆ ಪುಸ್ತಕದಲ್ಲಿ ಬೈಸಿಕೊಳ್ಳುವುದೇ ಬೇರೆ, ನಿಜವಾಗಿ ಬೈಸಿಕೊಳ್ಳುವುದೇ ಬೇರೆ. ನಾನು ಅಳಿಸಿದೆ.

೩

ಸರಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ತಿರುಮಲ ಗಂಧದ ಬಟ್ಟಲು ಹಿಡಿದು ಹೊರಟರೆಂದರೆ ಮನೆಯಲ್ಲಿ ತಿರುಗುವುದು, ಉರಿಯುವುದು, ಸದ್ದು ಮಾಡುವುದು ಯಾವುದೂ ಬಚಾವಾಗುವುದಿಲ್ಲ. ಮಿಕ್ಸಿ, ಇನ್ವರ್ಟರ್, ವೈಫೈ ಡಬ್ಬಿ, ಸೊಸೆಯ ಲ್ಯಾಪ್‌ಟಾಪು, ಎಲ್ಲಕ್ಕೂ ಒಂದೊಂದು ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ವರ್ಕ್‌ಶಾಪಿನಲ್ಲಿ ಲೇತು, ಕ್ರೇನುಗಳಿಗೆ ಇಟ್ಟು ಇಟ್ಟು ಬಂದ ಅಭ್ಯಾಸ. ಹಿಂದೆಯೇ ಕುಂಕುಮದ ಭರಣಿ ಹಿಡಿದು ಅಂಬುಜಮ್ಮ.

ಶೆಡ್ಡಿನ ಪೂಜೆ ಮುಗಿಯಿತು. ನಂದಿತಾ ಕಾರನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ, ಬೀದಿಯಲ್ಲಿ ಒಂದು ಸುತ್ತು ಹಾಕಿ, ಒಳಗೆ ತಂದು ನಿಲ್ಲಿಸಿ ರಿಮೋಟ್ ಒತ್ತಿದಳು. ಷಟರ್ ಒಂದು ಗೇಣು ಇಳಿಯಿತು. ನಿಂತಿತು. ಮೇಲಿನ ದೀಪ ಪಿಳಿಪಿಳಿ ಮಿಟುಕಿತು. ಆಮೇಲೆ ಗರ್ರ್ ಅಂತ ಮರಳಿ ಮೇಲಕ್ಕೆ ಹೋಯಿತು.

ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ ಕತೆ.

"ಮಾವ, ಇದು ಮತ್ತೆ ಕೈ ಕೊಡ್ತು ಅಂತ ಕಾಣುತ್ತೆ" ಅಂದಳು ನಂದಿತಾ. ಅವಳು ಮೈಸೂರಿನವಳು, ಇಂಜಿನಿಯರು, ಮದುವೆಯಾಗಿ ಇಲ್ಲಿಗೆ ಬಂದು ಮೂರು ವರ್ಷ.

ಅಂಬುಜಮ್ಮ ಥಟ್ಟನೆ ಗಂಡನ ಕಡೆ ತಿರುಗಿದರು. ಅವರ ಚಿಂತೆ ಷಟರಿನದಲ್ಲ. ಶೆಡ್ಡಿನ ಗೋಡೆಗೆ ಒತ್ತಿಕೊಂಡಂತೆ ತಿರುಮಲರ ಮೇಜಿದೆ, ಅದರ ಮೇಲೆ ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಗೋಡೆಯಲ್ಲಿ ಸಾಲಾಗಿ ಸ್ಪ್ಯಾನರುಗಳು. ಬೆಳಿಗ್ಗೆ ಕಾಫಿ ಕುಡಿದು ಅಲ್ಲಿಗೆ ಹೋದರೆ ಊಟಕ್ಕೇ ಬರುವುದು. ಮೂರು ತಿಂಗಳ ಹಿಂದೆ ಷಟರಿನ ಮೋಟಾರು ಬಿಚ್ಚಲು ಹೋಗಿ ಸ್ಟೂಲಿನಿಂದ ಜಾರಿ ಬಿದ್ದಿದ್ದರು. ಆವತ್ತು ಮುರಳೀಧರ ಹೆದರಿ ಹೋಗಿ ಹೇಳಿಬಿಟ್ಟಿದ್ದ: "ಇನ್ನೊಂದು ಸಲ ಇದು ಕೆಟ್ರೆ ಮೇಜು ಟೆರೇಸ್‌ಗೆ ಹೋಗುತ್ತೆ. ರಿಪೇರಿಗೆ ಆಳಿದಾರೆ." ಟೆರೇಸಿಗೆ ಮೂವತ್ತೆರಡು ಮೆಟ್ಟಿಲು. ಆ ಮಂಡಿ ಆ ಮೆಟ್ಟಿಲು ಹತ್ತುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. (ಮಗ ಕೆಟ್ಟವನಲ್ಲ. ಅಪ್ಪನ ಮೇಲೆ ಪ್ರಾಣ. ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದಾನೆ, ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತಾನೆ.)

೪

ನಂದಿತಾ ರಿಪೇರಿಯ ವಿಘ್ನೇಶನಿಗೆ ಫೋನ್ ಮಾಡಿದಳು. "ಅಕ್ಕಾ, ಇನ್ನಿಕ್ಕಿ ಆಯುಧ ಪೂಜೈ, ಟೂಲ್ಸ್ ತೊಡಮಾಟೇನ್" ಅಂದ ಅವನು. ಇವತ್ತು ಉಪಕರಣ ಮುಟ್ಟುವುದಿಲ್ಲ, ನಾಳೆ ಹತ್ತು ಗಂಟೆಗೆ ಬರುತ್ತೇನೆ ಅಂತ.

"ನಾಳೆ ಯಾಕೆ, ಇವತ್ತೇ ನಾನು ಸರಿ ಮಾಡ್ತೀನಿ" ಅಂತ ತಿರುಮಲ ಪಂಚೆ ಮೇಲೆ ಕಟ್ಟಿ ಗೋಡೆಯ ಕಡೆ ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ಸ್ಪ್ಯಾನರುಗಳೂ ಪೂಜೆಯಲ್ಲಿದ್ದವು. ಒಂದೊಂದರ ಮೇಲೂ ಹೂವು.

(ಇಲ್ಲಿ ನಾನೊಂದು ಪ್ಯಾರಾ ಬರೆದಿದ್ದೆ. ಉಪಕರಣವಿಲ್ಲದ ಕುಶಲಕರ್ಮಿ, ಆಧುನಿಕ ಮನುಷ್ಯನ ಸ್ಥಿತಿ ಇತ್ಯಾದಿ. ಅಂಬುಜಮ್ಮ ಓದಿ "ಇದಕ್ಕೆ ಉಪ್ಪು ಹುಳಿ ಖಾರ ಒಂದೂ ಇಲ್ಲ" ಅಂದರು. ತೆಗೆದೆ.)

"ಅಂಬು, ಒಂದು ಚಮಚ ಕೊಡು. ಚಮಚ ಆಯುಧ ಅಲ್ಲವಲ್ಲ?"

"ನಿಮಗಲ್ಲ. ನನಗೆ ಅದೇ ಆಯುಧ."

ಅಂದರೂ ಕೊಟ್ಟರು. ಮೊದಲು ರಿಮೋಟಿನ ಸೆಲ್ಲು. ಗೋಡೆ ಗಡಿಯಾರದ ಸೆಲ್ಲು ಕಿತ್ತು ಹಾಕಿ ನೋಡಿದರು, ಅಳತೆಯೇ ಬೇರೆ. ಆಮೇಲೆ ಹಳಿಗೆ ಕೊಬ್ಬರಿ ಎಣ್ಣೆ. ಷಟರ್ ಸದ್ದು ಕಡಿಮೆ ಮಾಡಿ, ಬಹಳ ಮರ್ಯಾದೆಯಿಂದ ಒಂದು ಗೇಣು ಇಳಿದು ವಾಪಸ್ಸು ಹೋಯಿತು. ಆಮೇಲೆ "ವೋಲ್ಟೇಜ್ ಕಮ್ಮಿ" ಅಂತ ಮನೆಯ ಫ್ಯಾನುಗಳನ್ನೆಲ್ಲ ಆರಿಸಿದರು. ಎಲ್ಲರೂ ಬೆವೆತದ್ದೇ ಬಂತು. ತೆರೆದ ಬಾಗಿಲಲ್ಲಿ ಒಂದು ಬೀದಿನಾಯಿ ಬಂದು ಕಾರಿನ ಮುಂದಿಟ್ಟ ಪೊರಿ ತಿಂದು, ಅಲ್ಲೇ ತಂಪಾಗಿ ಮಲಗಿತು.

ಐದೂಕಾಲಿಗೆ ತಿರುಮಲ ಸ್ಟೂಲು ಹತ್ತಿದರು.

"ಅತ್ತೆ, ಮಾವನ್ನ ದಯವಿಟ್ಟು ಇಳಿಸಿ" ಅಂದಳು ನಂದಿತಾ. ಅವಳ ಕಣ್ಣಲ್ಲಿ ನೀರಿತ್ತು. "ಮತ್ತೆ ಬಿದ್ರೆ, ಇವರು ಪುಣೆಯಿಂದ ಫೋನ್ ಮಾಡಿದಾಗ ನಾನೇನು ಹೇಳ್ಲಿ?" ಸ್ಟೂಲಿನ ಎರಡು ಕಾಲು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

ಮಾವ ಮೇಲೆ, ಸೊಸೆ ಕೆಳಗೆ. ಇಬ್ಬರ ಕಣ್ಣೂ ಮೋಟಾರಿನ ಪೆಟ್ಟಿಗೆಯ ಮೇಲೆ.

೫

ಒಡೆದ ನಿಂಬೆಹಣ್ಣು ಹೆಕ್ಕಲು ಬಗ್ಗಿದ್ದ ಅಂಬುಜಮ್ಮನ ಕಣ್ಣಿಗೆ ಬೇರೆಯದೇ ಬಿತ್ತು.

ಬಾಗಿಲಿನ ಎರಡು ಬದಿಗೂ ನೆಲದಿಂದ ಮೊಳದೆತ್ತರದಲ್ಲಿ ಬೆಂಕಿಪೊಟ್ಟಣದಷ್ಟು ಎರಡು ಪೆಟ್ಟಿಗೆಗಳಿವೆ. ಒಂದರ ಕಣ್ಣು ಇನ್ನೊಂದನ್ನು ನೋಡುತ್ತಿರಬೇಕು. ನಡುವೆ ಮಗುವೋ ನಾಯಿಯೋ ಅಡ್ಡ ಬಂದರೆ ಷಟರ್ ಇಳಿಯುವುದಿಲ್ಲ. ಒಂದು ಸಲ ಅಲ್ಲಿ ಜೇಡರಬಲೆ ಕಟ್ಟಿದ್ದಾಗ ವಿಘ್ನೇಶ್ ಕರವಸ್ತ್ರದಲ್ಲಿ ಒರೆಸಿ ಇದನ್ನೆಲ್ಲ ಹೇಳಿದ್ದ. ಆವತ್ತು ಕಾಫಿ ಕೊಡಲು ಬಂದ ಅಂಬುಜಮ್ಮ ಒಬ್ಬರೇ ಕೇಳಿಸಿಕೊಂಡಿದ್ದರು.

ಈಗ ಎಡಗಡೆಯ ಕಣ್ಣಿನ ಮೇಲೆ, ಸರಿಯಾಗಿ ಅದರ ನಡುಮಧ್ಯಕ್ಕೆ, ಒಣಗಿದ ಗಂಧ. ಗಂಧದ ಮೇಲೆ ಕುಂಕುಮ.

ಇಟ್ಟವರು ಯಾರು? ಬೆಳಿಗ್ಗೆ ತಿರುಮಲ ಗೋಡೆ ಹಿಡಿದು, ಮಂಡಿ ನೋವಿಗೆ "ಹಾ" ಅಂತ ಬಗ್ಗಿ, "ಇದೂ ಪಾಪ ವರ್ಷವೆಲ್ಲ ದುಡಿಯುತ್ತೆ" ಅಂತ ಹೆಬ್ಬೆರಳಿನಲ್ಲಿ ಗಂಧ ಒತ್ತಿ, ಮೇಲೆ ಕುಂಕುಮ ಇಟ್ಟಿದ್ದರು. ಪಕ್ಕದಲ್ಲೇ ಭರಣಿ ಹಿಡಿದು ನಿಂತಿದ್ದು ಇವರೇ.

"ಇದನ್ನ ಬರೀಬೇಡಿ" ಅಂದರು ಅಂಬುಜಮ್ಮ ನನಗೆ, ಮೆಲ್ಲಗೆ.

"ಬರೆದಾಯಿತಲ್ಲಮ್ಮ."

"ಅಳ್ಸಿ. ಮಧ್ಯಾಹ್ನದಿಂದ ಏನೇನೋ ಅಳ್ಸಿದ್ರಲ್ಲ, ಇದೊಂದು ಕಷ್ಟವಾ? ಈಗೀಗ ಅವರು ಕನ್ನಡಕ ಎಲ್ಲೋ ಇಟ್ಟು ಮರೆತ್ರೂ ಮಗ ಸೊಸೆ ಇಬ್ಬರೂ ಮುಖ ಮುಖ ನೋಡ್ಕೋತಾರೆ. ಇದು ಗೊತ್ತಾದ್ರೆ ಮೇಜು ಮಾತ್ರ ಅಲ್ಲ, ನಾಳೆಯಿಂದ ಅವರ ಕೈಗೆ ಯಾರೂ ಒಂದು ಬಲ್ಬೂ ಕೊಡಲ್ಲ. ಅವರು ಹಾಗೆ ಕೂತ್ರೆ ನನ್ನ ಕೈಲಿ ನೋಡಕ್ಕಾಗಲ್ಲ, ತೆರಿಯುಮಾ, ಗೊತ್ತಾ?"

ಓದುಗರೇ, ನಾನು ಅಳಿಸಲಿಲ್ಲ. ನಿಮಗೆ ಗೊತ್ತಾಗದಿದ್ದರೆ ಈ ಹೆಂಗಸು ಮುಂದೆ ಮಾಡಿದ್ದು ಅರ್ಥವಾಗುತ್ತಿರಲಿಲ್ಲ. ನೀವು ತಿರುಮಲರ ಕಡೆಯವರಾಗಿದ್ದರೆ ದಯವಿಟ್ಟು ಅವರ ಹತ್ತಿರ ಬಾಯಿ ಬಿಡಬೇಡಿ.

೬

ಒರೆಸಿಬಿಟ್ಟರೆ ಆಯಿತಲ್ಲ ಅನ್ನುತ್ತೀರಿ. ನಾನೂ ಅಂದೆ. ಪೂಜೆಯ ಕುಂಕುಮ ಮರುಪೂಜೆಗೆ ಮುಂಚೆ ಒರೆಸುವುದುಂಟೇ? ಅಂಬುಜಮ್ಮ ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವರು ನೆಲದ ಮೇಲೆ ಕೂತರು. ಸೆರಗಿನ ತುದಿಗೆ ಬಾಯಿಯ ಎಂಜಲು ತಾಗಿಸಲು ಹೋಗಿ, ಛೆ ಅಂತ ನಾಲಿಗೆ ಕಚ್ಚಿಕೊಂಡು, ಪಂಚಪಾತ್ರೆಯ ನೀರು ಒಂದು ಹನಿ ತೆಗೆದುಕೊಂಡರು. ಗಂಧವನ್ನು ಮೆತ್ತಗೆ ನೆನೆಸಿ, ಮಗುವಿನ ಹಣೆಯ ಬೊಟ್ಟು ಸರಿಮಾಡುವ ಹಾಗೆ, ಕಣ್ಣಿನಿಂದ ಅರ್ಧ ಬೆರಳು ಮೇಲಕ್ಕೆ ಸರಿಸಿದರು. ಕಣ್ಣು ಖಾಲಿಯಾಯಿತು. ಕುಂಕುಮ ಪೆಟ್ಟಿಗೆಯ ನೆತ್ತಿಯ ಮೇಲೆ ಕೂತಿತು. ಪೂಜೆಗೂ ಭಂಗವಿಲ್ಲ.

ಆಮೇಲೆ ಎದ್ದು ನಾಯಿಯನ್ನು "ಏಯ್, ಪೋ" ಅಂತ ಹೊರಗೆ ಅಟ್ಟಿ, ಗಂಡನಿಗೆ ಹೇಳಿದರು: "ಏನೂಂದ್ರೆ, ಆ ಮೋಟಾರ್ ಪೆಟ್ಟಿಗೆಗೆ ಚಮಚದಲ್ಲಿ ಒಂದು ತಟ್ಟಿ ನೋಡಿ."

"ತಟ್ಟಿದ್ರೆ ಸರಿಯಾಗಕ್ಕೆ ಇದೇನು ನಿಮ್ಮಪ್ಪನ ಮನೆ ರೇಡಿಯೋನಾ?"

"ತಟ್ಟಿ ಅಂದೆ."

ತಟ್ಟಿದರು. ನಂದಿತಾ ರಿಮೋಟ್ ಒತ್ತಿದಳು. ಷಟರ್ ಒಂದು ಗೇಣು ಇಳಿಯಿತು, ಎರಡು ಗೇಣು, ಮೊಳ, ಮಾರು, ನೆಲ ಮುಟ್ಟಿತು.

"ಮಾವ!" ಅಂತ ನಂದಿತಾ ಕೂಗಿದಳು. ತಿರುಮಲ ಚಮಚ ಹಿಡಿದುಕೊಂಡೇ ಸ್ಟೂಲಿಂದ ಇಳಿದರು. ಬೆವರಿನಲ್ಲಿ ನೆಂದ ಮುಖ ತುಂಬ ನಗು. ಅವರು ಹೀಗೆ ನಕ್ಕು ಎಷ್ಟು ದಿನವಾಗಿತ್ತು ಅಂತ ಅಂಬುಜಮ್ಮ ಲೆಕ್ಕ ಹಾಕಿದರು.

ನಾನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಒಳ್ಳೆಯ ಜಾಗ. ಆದರೆ ಗಂಟೆ ಆರಾಗಿತ್ತು.

೭

"ಅಪ್ಪಾ, ಷಟರ್ ಮತ್ತೆ ಮಕ್ಕರ್ ಅಂತೆ, ಇಳೀತಿಲ್ವಂತೆ? ನಂದಿತಾ ಮೆಸೇಜ್ ಹಾಕಿದ್ಲು." ಫೋನು ಸ್ಪೀಕರಿನಲ್ಲಿತ್ತು.

"ಆಗಿತ್ತಪ್ಪಾ. ಸರಿ ಮಾಡಿದೆ."

"ಸೂಪರ್. ಏನಾಗಿತ್ತು?"

ತಿರುಮಲ ಕೈಯಲ್ಲಿದ್ದ ಚಮಚ ನೋಡಿದರು. ಮೂವತ್ತೆಂಟು ವರ್ಷ ವರ್ಕ್‌ಶಾಪಿನಲ್ಲಿ 'ತಟ್ಟಿದೆ, ಸರಿಹೋಯಿತು' ಅಂದ ಹುಡುಗರನ್ನು ಅವರು ಓಡಿಸಿದ್ದರು.

"ಕಾರಣ ಗೊತ್ತಿಲ್ಲಾಂದ್ರೆ ನಾಳೆ ಮತ್ತೆ ಕೆಡುತ್ತೆಪ್ಪಾ" ಅಂದ ಮುರಳೀಧರ, ಮೆತ್ತಗೆ. ಆ ಮೆತ್ತನೆಯ ದನಿಯನ್ನೇ ಅಂಬುಜಮ್ಮನಿಗೆ ಸಹಿಸಲಾಗಲಿಲ್ಲ. "ನೀವು ಮತ್ತೆ ಸ್ಟೂಲ್ ಹತ್ತೋದು ವೇಂಡಾಂ, ಬೇಡವೇ ಬೇಡ. ವಿಘ್ನೇಶ್ ಬರ್ಲಿ. ಹಾಗೇ ಆ ಮೇಜನ್ನೂ..."

ನನ್ನ ಹತ್ತಿರ ಸಿದ್ಧವಾದ ಮುಕ್ತಾಯಗಳಿದ್ದವು. ಒಂದರಲ್ಲಿ ಕರೆಂಟು ಹೋಗಿ ಫೋನ್ ಕಟ್ ಆಗುತ್ತದೆ. ("ಕರೆಂಟ್ ಹೋದ್ರೆ ಮೊಬೈಲ್ ಯಾಕೆ ಕಟ್ ಆಗುತ್ತೆ?" ಅಂದಳು ನಂದಿತಾ. ಇಂಜಿನಿಯರ್ ಪಾತ್ರಗಳ ಸಹವಾಸ ಸಾಕು.) ಇನ್ನೊಂದರಲ್ಲಿ ತಿರುಮಲರೇ ಅಳುತ್ತಾ ಮೇಜು ಬಿಟ್ಟುಕೊಡುತ್ತಾರೆ. ಅದನ್ನು ನಾನೇ ಅಳಿಸಿಹಾಕಿದೆ, ಇಷ್ಟು ಹೊತ್ತಿಗೆ ಅವರು ನನಗೂ ಬೇಕಾದವರಾಗಿದ್ದರು.

ಅಂಬುಜಮ್ಮ ನನ್ನ ಮುಖವನ್ನೂ ನೋಡದೆ ಫೋನು ಕಿತ್ತುಕೊಂಡರು.

"ಮುರಳೀ, ನಾನು ಹೇಳ್ತೀನಿ ಕೇಳು. ಆ ಕೆಳಗಡೆ ಪೆಟ್ಟಿಗೆ ಕಣ್ಣಿದೆಯಲ್ಲ, ಅದಕ್ಕೆ ನಾನೇ ಕುಂಕುಮ ಇಟ್ಟುಬಿಟ್ಟಿದ್ದೆ. ಕಣ್ಣು ಮುಚ್ಚಿಹೋಗಿತ್ತು. ನಿಮ್ಮಪ್ಪ ಕಂಡುಹಿಡಿದ್ರು. ನನ್ನ ಮುಂದೆ ಹೇಳಿದ್ರೆ ನನಗೆ ಬೇಜಾರಾಗುತ್ತೇಂತ ಸುಮ್ನೆ ನಿಂತಿದಾರೆ."

ಪುಣೆಯಲ್ಲಿ ಮಗ ನಗಲು ಶುರು ಮಾಡಿದ. "ಅಯ್ಯೋ ಅಮ್ಮಾ! ನೀನೊಬ್ಳು! ಸರಿ ಸರಿ, ನಂದಿತಾ, ವಿಘ್ನೇಶ್‌ಗೆ ಬೇಡಾಂತ ಹೇಳ್ಬಿಡು. ಅಪ್ಪಾ, ನಾನು ಬಂದ್ಮೇಲೆ ಆ ರಿಮೋಟ್ ಸ್ವಲ್ಪ ನೋಡಿ, ಬಟನ್ ಲೂಸಾಗಿದೆ."

ನಂದಿತಾ ನಗುತ್ತಾ ಒಳಗೆ ಹೋದಳು. ಶೆಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೇ. (ನಾನಿದ್ದೆ. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.)

ತಿರುಮಲ ಗೋಡೆ ಹಿಡಿದು ನಿಧಾನಕ್ಕೆ ಬಗ್ಗಿದರು. ಎಡಗಡೆಯ ಪೆಟ್ಟಿಗೆಯನ್ನು ನೋಡಿದರು, ಇನ್ನೂ ಒದ್ದೆಯಾಗಿದ್ದ ಗಂಧವನ್ನು ನೋಡಿದರು. ಆಮೇಲೆ ತಮ್ಮ ಬಲಗೈ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದರು.

"ಅಂಬು."

"ಏನು?"

"ಮುಂದಿನ ವರ್ಷದಿಂದ ನೀನು ಯಾವುದಕ್ಕೂ ಕುಂಕುಮ ಇಡಬೇಡ. ನಾನೇ ಇಡ್ತೀನಿ."

ಅಂಬುಜಮ್ಮ ಅವರ ಮುಖವನ್ನೇ ನೋಡಿದರು. ಅಲ್ಲಿ ಏನೂ ಕಾಣಲಿಲ್ಲ. ಕಾಣಿಸದಂತೆ ಇಟ್ಟುಕೊಂಡಿದ್ದರೋ, ಇರಲೇ ಇಲ್ಲವೋ.

"ಆಗ್ಲಿ," ಅಂದರು. "ನೀವೇ ಇಡಿ."

ಆ ಕಣ್ಣು ಮುಚ್ಚಿದ್ದು ತಮ್ಮದೇ ಬೆರಳು ಅಂತ ತಿರುಮಲರಿಗೆ ಗೊತ್ತಾಯಿತೇ? ಗೊತ್ತಾಗಿಯೇ ಹಾಗಂದರೇ? ನಾನು ಇಬ್ಬರ ಹಿಂದೆಯೂ ಹೋಗಿ ಕೇಳಿದೆ. ತಿರುಮಲ ಇನ್ವರ್ಟರಿನ ಸದ್ದು ಕೇಳುತ್ತಿರುವವರಂತೆ ನಟಿಸಿದರು. ಅಂಬುಜಮ್ಮ ನನ್ನ ಕೈಗೆ ಒಂದು ಹಿಡಿ ಪೊರಿ ಹಾಕಿ, "ತಿಂದ್ಕೊಂಡು ಮನೆಗೆ ಹೋಗಿ, ನಿಮ್ಮಾಕೆ ಕಾಯ್ತಿರ್ತಾರೆ" ಅಂದರು.