ಎರಡು ಹಾರ್ಸ್‌ಪವರಿನ ಪಂಪು

ನನ್ನ ಗಂಡ ರೆಜಾನ್‌ಗೆ ಛಾವಣಿ ಹೊದಿಸುವ ಕೆಲಸ. ಜುಲೈ ಕೊನೆಗೆ ನಮ್ಮ ಕೆಬೆಕ್ ಪ್ರಾಂತ್ಯದ ಕಟ್ಟಡ ಕೆಲಸದವರಿಗೆಲ್ಲ ಒಟ್ಟಿಗೆ ಎರಡು ವಾರ ರಜೆ. ಅದರಲ್ಲಿ ಮೊದಲ ಹತ್ತು ದಿನವೂ ಅವನು ಹಿತ್ತಲಲ್ಲಿ ಈಜುಕೊಳದ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕೊಳದ ನೀರು ಮಾತ್ರ ಹಾಲು ಕಲಸಿದ ಹಾಗೇ ಇತ್ತು.

ಮೇ ತಿಂಗಳಲ್ಲಿ ನನ್ನ ಸೊಂಟದ ಕೀಲು ಬದಲಾಯಿಸಿದ್ದರು. ದಿನಕ್ಕೊಂದು ಗಂಟೆ ಎದೆಮಟ್ಟದ ನೀರಲ್ಲಿ ನಡೆಯಬೇಕು, ತಳ ಕಾಣದ ನೀರಿಗೆ ಇಳಿಯಲೇಬಾರದು ಅಂತ ವೈದ್ಯರು ಹೇಳಿದ್ದರು. ನಾನು ಅಂಚೆಯವಳು. ಮನೆಮನೆಗೆ ನಡೆದು ಕಾಗದ ಹಂಚುವ ಕೆಲಸ ಮತ್ತೆ ಸಿಗುತ್ತದೋ ಇಲ್ಲವೋ ಎಂಬುದು ಸೆಪ್ಟೆಂಬರಿನ ತಪಾಸಣೆಯ ಮೇಲೆ ನಿಂತಿತ್ತು. ನಮ್ಮಲ್ಲಿ ಬೇಸಿಗೆ ಅಂದರೆ ಎಷ್ಟು ದಿನ? ಅದರಲ್ಲಿ ಅರ್ಧ ಈ ಮನುಷ್ಯನ ಹಟಕ್ಕೇ ಹೋಯಿತು.

ಹಳೆಯ ಪಂಪು ಜೂನಿನಲ್ಲಿ ಸುಟ್ಟುಹೋದಾಗ ಇವನು ನೇರ ಹೋಗಿ ಎರಡು ಹಾರ್ಸ್‌ಪವರಿನದ್ದು ತಂದ. ಯಾಕೆ? ಬೇಲಿಯಾಚೆ ನನ್ನ ತಮ್ಮ ನಾರ್ಮನ್‌ನ ಕೊಳಕ್ಕೆ ಒಂದೂವರೆಯದು ಇತ್ತು, ಅದಕ್ಕೆ. ಫಿಲ್ಟರ್ ಮಾತ್ರ ಅದೇ ಹಳೆಯದು, ಬಿಂದಿಗೆಯಷ್ಟು ಮರಳು ಹಿಡಿಯುವಂಥದ್ದು.

"ದೊಡ್ಡ ಪಂಪು ಬೇಗ ತೊಳೆಯುತ್ತೆ ಕಣೇ, ಇನ್ನೆರಡು ದಿನ ನೋಡು," ಅನ್ನುತ್ತಿದ್ದ.

"ಈ ಎರಡು ದಿನ ಮುಗಿಯೋದು ಯಾವಾಗಪ್ಪ? ಹಿಮ ಬಿದ್ದ ಮೇಲಾ?"

ಬೇಲಿಯ ಮೇಲಿಂದ ನಾರ್ಮನ್ ಇಣುಕುತ್ತಿದ್ದ. "ಏನ್ ಭಾವ, ಸೂಪ್ ಬೆಂತಾ?"

ರೆಜಾನ್ ಕಿವಿ ಕೆಂಪಗೆ ಮಾಡಿಕೊಂಡು ಇನ್ನೊಂದು ಡಬ್ಬಿ ಕ್ಲೋರಿನ್ ಸುರಿಯುತ್ತಿದ್ದ. ನನಗೆ ಇಬ್ಬರನ್ನೂ ಒಟ್ಟಿಗೆ ಆ ನೀರಲ್ಲಿ ಮುಳುಗಿಸಬೇಕು ಅನ್ನಿಸುತ್ತಿತ್ತು.

ರಜೆಯ ಹತ್ತನೇ ದಿನ ತಡೆಯಲಾರದೆ, ಜಾಮ್ ಬಾಟಲಿಯಲ್ಲಿ ನೀರು ತುಂಬಿಕೊಂಡು ಊರುಗೋಲೂರುತ್ತ ನಾನೇ ಈಜುಕೊಳದ ಸಾಮಾನಿನ ಅಂಗಡಿಗೆ ಹೋದೆ. ಅಲ್ಲಿ ಊರಿಗೆ ಊರೇ ಬಾಟಲಿ ಹಿಡಿದು ಸಾಲಲ್ಲಿ ನಿಂತಿತ್ತು. ನೀರು ಪರೀಕ್ಷೆ ಮಾಡುವ ಮದಾಮ್ ಲಫ್ಲೂರ್ ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ಕೇಳಿದಳು: "ನೀರಲ್ಲಿ ತಪ್ಪೇನಿಲ್ಲಮ್ಮ. ಫಿಲ್ಟರ್ ಮೇಲೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರ್ದಿದೆ?"

ಮನೆಗೆ ಫೋನ್ ಮಾಡಿದೆ. ಫಿಲ್ಟರಿನ ಚೀಟಿ ಬೇಲಿಯ ಕಡೆಗಿತ್ತು. ರೆಜಾನ್ ಮೊಣಕಾಲೂರಿ ಓದಿದ. "ನೂರಿಪ್ಪತ್ತು." ಪಂಪು ಎರಡು ಹಾರ್ಸ್‌ಪವರಿನದು ಅಂತಲೂ ಮದಾಮ್‌ಗೆ ಹೇಳಿದೆ.

"ನಿಮ್ಮ ಪಂಪು ಮುನ್ನೂರು ನೂಕುತ್ತೆ," ಅಂದಳು ಮದಾಮ್. "ಅಷ್ಟು ಜೋರಿಗೆ ಕೊಳೆ ಮರಳಲ್ಲಿ ನಿಲ್ಲಲ್ಲ, ತೂರ್ಕೊಂಡು ವಾಪಸ್ ಕೊಳಕ್ಕೇ ಬರುತ್ತೆ. ಮೊದಲು ಕೊಳ ನೋಡಿ ಫಿಲ್ಟರ್ ಆರಿಸ್ಬೇಕು, ಆಮೇಲೆ ಅದು ತಡಕೊಳ್ಳೋವಷ್ಟೇ ಪಂಪು. ಗಂಡಸರು ಉಲ್ಟಾ ಮಾಡ್ತಾರೆ."

ದೊಡ್ಡ ಫಿಲ್ಟರ್, ಒಂದು ಹಾರ್ಸ್‌ಪವರಿನ ಪಂಪು ತರಿಸಿದೆ. ರೆಜಾನ್ ಜೋಡಿಸಿದ. ನಾಲ್ಕನೇ ಬೆಳಿಗ್ಗೆ, ರಜೆಯ ಕೊನೆಯ ದಿನ, ತಳಕ್ಕೆ ಹಾಸಿದ ನೀಲಿ ಪ್ಲಾಸ್ಟಿಕ್ ಹಾಳೆಯ ಸುಕ್ಕುಗಳೂ ಕಂಡವು. ಊರುಗೋಲನ್ನು ಏಣಿಗೆ ಒರಗಿಸಿ ನೀರಿಗಿಳಿದೆ.

ಹತ್ತು ಹೆಜ್ಜೆ ಹಾಕಿ ಕೆಳಗೆ ನೋಡಿದೆ. ಕೀಲು ಬದಲಾಯಿಸಿದ ಬಲಗಾಲು ಒಳಕ್ಕೆ ತಿರುಗಿ, ತಳವನ್ನು ಸವರಿಕೊಂಡು ಬರುತ್ತಿತ್ತು. ನೆಲದ ಮೇಲೆ ಕುಂಟಿದಾಗ ತಪ್ಪೆಲ್ಲ ಊರುಗೋಲಿನದು ಅಂದುಕೊಂಡಿದ್ದೆ. ನೀರಿಗಿಳಿದರೆ ನೆಟ್ಟಗೆ ನಡೆಯುತ್ತೇನೆ ಅಂತಲೇ ಇಡೀ ಬೇಸಿಗೆ ಪಂಪನ್ನು ಬೈದಿದ್ದೆ.

"ರೆಜಾನ್, ಕಾಲು ಎಳೀತಿದೆಯಾ?"

ಅವನು ಪಂಪಿನ ಕಡೆ ನೋಡಿದ. "ಹೊಸ ಪಂಪು ಚೆನ್ನಾಗಿ ಓಡ್ತಿದೆ."

"ನಾನ್ ಕೇಳಿದ್ದು ಕಾಲು."

"ಎಳೀತಿದೆ," ಅಂದ ಕೊನೆಗೆ. "ಮೇ ತಿಂಗಳಿಂದಾನೂ."

ಸಿಟ್ಟು ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದೆ, ಹೊರಬಂದದ್ದು ಬೇರೆಯೇ ಮಾತು: "ಹಾಗಾದ್ರೆ ಅಲ್ಲೇ ನಿಂತ್ಕೋ. ಎಳೆದಾಗೆಲ್ಲ ಹೇಳು."

ಅವನು ಕಟ್ಟೆ ಹಿಡಿದು ನಿಂತ. ನಾನು ಹಿಮ್ಮಡಿ ಮೊದಲು ಊರುತ್ತ ಸುತ್ತು ಹೊರಟೆ.

"ಎಳೀತು," ಅಂದ. ಮತ್ತೆ, "ಎಳೀತು." ಮುಂದಿನ ಸುತ್ತಿನಲ್ಲೂ ಹಾಗೇ ಅಂದ, ದನಿ ಇಳಿಯುತ್ತ ಬಂತು. ಮೂರನೇ ಸುತ್ತಿಗೆ ಅವನು ಏನೂ ಅನ್ನಲಿಲ್ಲ. ಕಾಲು ನೆಟ್ಟಗಾಯಿತೋ, ಅವನಿಗೆ ಹೇಳಲಾಗಲಿಲ್ಲವೋ ಗೊತ್ತಿಲ್ಲ. ನೀರು ತಿಳಿಯಾಗಿತ್ತು, ನೋಡಬಹುದಿತ್ತು. ನಾನು ಕೆಳಗೆ ನೋಡಲಿಲ್ಲ.